ದಣಪೆ ದಾಟುವ ಮೊದಲು

ತಮಾ,

ಮೊನ್ನೆ ನೀವು ನಾಲ್ವರು ಬಂದು ನನ್ನ ಜಗಲಿಯ ಮೇಲೆ ನಕ್ಷೆ ಬಿಡಿಸಿದಾಗ ನಾನು ಹೆಚ್ಚು ಮಾತಾಡಲಿಲ್ಲ. ಅಸ್ನೋಟಿ ಸ್ಟೇಶನ್ನಿನಿಂದ ಹೊರಟು ಹಣಕೋಣ, ಅಲ್ಲಿಂದ ಘಾಡಸಾಯಿ, ಮತ್ತೆ ಗುಡ್ಡದ ಬದಿಯಿಂದ ತಿರುಗಿ ಮುಡಗೇರಿ. ಕೆಂಪು ಪೆನ್ನಿನಲ್ಲಿ ಕೈ ಎತ್ತದೆ ಎಳೆದ ಗೆರೆ. ಊರಿಂದೂರಿಗೆ ಜನ ನಡೆದು ಹೋಗುವಂಥ ಒಂದು ದಾರಿ, ನಾಲ್ಕು ಊರಿನವರೇ ಕಟ್ಟಿ ನಾಲ್ಕು ಊರಿನವರೇ ಕಾಯುವ ದಾರಿ ಎಂದು ನೀನು ಹೇಳುವಾಗ ನಿನ್ನ ಮುಖ ಐದನೇ ಇಯತ್ತೆಯಲ್ಲಿ ಗಾಳಿಪಟ ಮಾಡಿ ತಂದ ದಿನದ ಹಾಗೆಯೇ ಇತ್ತು. "ಅಕ್ಕೋರೇ, ಏನಾದರೂ ಹೇಳಿ" ಎಂದೆ. ನಾನು ಚಾ ಕೊಟ್ಟು ಕಳಿಸಿದೆ. ಆ ಮೇಲೆ ಎರಡು ರಾತ್ರಿ ಆ ಗೆರೆ ನನ್ನ ಕಣ್ಣಿನಿಂದ ಹೋಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನೀನೊಬ್ಬನೇ ಓದಿ ಮಡಿಚಿಡಬೇಡ. ನಿನ್ನ ಜೊತೆ ಬಂದಿದ್ದ ಆ ಇಬ್ಬರು ಹುಡುಗಿಯರಿಗೂ ಓದಿ ಹೇಳು. ಈ ಕೆಲಸ ಕೊನೆ ಮುಟ್ಟುವುದಿದ್ದರೆ ಅವರಿಂದ ಮುಟ್ಟುತ್ತದೆ ಎಂದು ನನಗೆ ಅನಿಸಿದೆ.

ನೀನು ಗೆರೆ ಎಳೆದ ಜಾಗದಲ್ಲಿ ದಾರಿ ಮೊದಲೇ ಇತ್ತು. ನನಗೆ ಹೇಳುವುದಿರುವುದು ಇದೊಂದೇ, ಉಳಿದದ್ದೆಲ್ಲ ಇದರ ಬಾಲ. ನಾನು ಅಂಕೋಲೆಯಿಂದ ಈ ದಂಡೆಗೆ ಅಕ್ಕೋರಾಗಿ ಬಂದಾಗ ಕೊಂಕಣಿಯ ನಾಲ್ಕು ಶಬ್ದವೂ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸು ದಿನಕ್ಕೆ ಎರಡು ಸಲ, ಅದೂ ಬಂದರೆ ಬಂತು. ಶಾಲೆಯ ಮಕ್ಕಳೇ ನನಗೆ ದಾರಿ ತೋರಿಸಿದರು. ಗದ್ದೆ ಹಾಳಿಯ ಮೇಲೆ, ಗೇರುಬೇಣದ ಅಂಚಿನಲ್ಲಿ, ಯಾರದೋ ಹಿತ್ತಲ ಬಾವಿಯ ಪಕ್ಕದಲ್ಲಿ. "ವಾಟ ಹಾಂಗಾ, ಬಾಯಿ" ಎಂದು ಮುಂದೆ ಓಡುತ್ತಿದ್ದರು. ವಾಟ ಎಂದರೆ ದಾರಿ ಎಂದು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಕೆಸರಿನಲ್ಲಿ ಕಾಲು ಹೂತಾಗ. ಮೂವತ್ತು ವರ್ಷ ಆ ವಾಟಗಳಲ್ಲಿ ನಡೆದೆ. ಆಮೇಲೆ ಎಲ್ಲರ ಮನೆಗೂ ಸ್ಕೂಟರು ಬಂತು, ಮಕ್ಕಳನ್ನು ಒಯ್ಯಲು ವ್ಯಾನು ಬಂತು, ದಾರಿಗಳ ಮೇಲೆ ಲಾಂಟಾನ ಬೆಳೆಯಿತು. ಹುಲ್ಲು ಮುಚ್ಚಿದ ಮಾತ್ರಕ್ಕೆ ಅವು ಸತ್ತಿಲ್ಲ.

ಆದ್ದರಿಂದ ಮೊದಲ ಆರು ತಿಂಗಳು ಕತ್ತಿ, ಗುದ್ದಲಿ, ಬಣ್ಣದ ಡಬ್ಬ ಏನೂ ಬೇಡ. ಕೇಳುತ್ತ ತಿರುಗಿ. ಯಾರನ್ನು ಕೇಳಬೇಕು ಎಂಬುದರಲ್ಲೂ ನೀವು ತಪ್ಪುತ್ತೀರಿ ಎಂದು ನನಗೆ ಹೆದರಿಕೆ. ಪಂಚಾಯತ ಮೆಂಬರರನ್ನು ಕೇಳಿದರೆ ಅವರು ರಸ್ತೆ ಹೇಳುತ್ತಾರೆ. ಇಳಿತದ ಹೊತ್ತಿಗೆ ಕಾಳಿ ನದಿಯ ರೇವಿಗೆ ಬಳಚು ಚಿಪ್ಪು ಹೆಕ್ಕಲು ಹೋಗುವ ಹೆಂಗಸರನ್ನು ಕೇಳಿ. ದರಕು ಗುಡಿಸಿ ತರುವವರನ್ನು ಕೇಳಿ, ಎಮ್ಮೆ ಕಾದವರನ್ನು ಕೇಳಿ. ತವರು ಹಣಕೋಣವಾಗಿ ಗಂಡನ ಮನೆ ಘಾಡಸಾಯಿಯಾದ ಎಪ್ಪತ್ತು ವರ್ಷದ ಯಾವ ಅಜ್ಜಿಯನ್ನಾದರೂ ಕೇಳಿ. ಚೌತಿಗೆ ತವರಿಗೆ ಬರಲು ಅವಳು ನಡೆದ ದಾರಿಗಿಂತ ಒಳ್ಳೆಯ ದಾರಿ ಯಾವ ಇಂಜಿನಿಯರೂ ಹಾಕಲಾರ. ಏರು ಕಡಿಮೆ, ನೆರಳು ಹೆಚ್ಚು, ನಡುವೆ ನೀರು ಕುಡಿಯಲು ಒಂದು ಮನೆ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದವಳ ದಾರಿ ಅದು.

ಜೊತೆಗೆ ಗ್ರಾಮನಕ್ಷೆ ಬಿಡಿಸಿ ನೋಡಿ. ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ತುಂಡು ಗೆರೆಯಲ್ಲಿ ತೋರಿಸಿರುತ್ತಾರೆ. ದಿಶಾಂಕ್ ಎಂಬ ಸರಕಾರದ ಆ್ಯಪ್ ನಿಮ್ಮ ಮೊಬೈಲಿನಲ್ಲೇ ಇರಬಹುದು. ನಿಂತ ಜಾಗದ ಸರ್ವೆ ನಂಬರು ಅದರಲ್ಲಿ ಗೊತ್ತಾಗುತ್ತದೆ. ಅಜ್ಜಿ ಹೇಳಿದ ದಾರಿಯೂ ನಕ್ಷೆಯ ತುಂಡುಗೆರೆಯೂ ಎಲ್ಲಿ ಕೂಡುತ್ತವೆಯೋ ಅಲ್ಲಿ ಧೈರ್ಯವಾಗಿ ಕಾಲಿಡಿ. ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಆ ಜಾಗದವರ ಮನೆಗೆ ಮೊದಲು ಹೋಗಬೇಕು.

ಇಲ್ಲಿ ಕಾನೂನಿನ ಒಂದು ಮಾತು. 1882ರ ಈಸ್‌ಮೆಂಟ್ ಕಾಯ್ದೆಯಂತೆ ಇಪ್ಪತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ ಹಕ್ಕಿನಿಂದ ನಡೆದುಬಂದ ದಾರಿಯನ್ನು ಮುಚ್ಚಲು ಬರುವುದಿಲ್ಲ. 2023ರಲ್ಲಿ ಕಂದಾಯ ಇಲಾಖೆಯೂ ಸುತ್ತೋಲೆ ಹೊರಡಿಸಿ, ನಕ್ಷೆಯಲ್ಲಿರುವ ಕಾಲುದಾರಿ ಬಂಡಿದಾರಿಗಳನ್ನು ಮುಚ್ಚಿದ್ದರೆ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಹೇಳಿತು. ಇದು ನಿಮಗೆ ತಿಳಿದಿರಲಿ. ಆದರೆ ಈ ಕಾಗದ ಕೈಯಲ್ಲಿ ಹಿಡಿದು ಯಾರ ಅಂಗಳಕ್ಕೂ ಹೋಗಬೇಡಿ. ಅದು ತನ್ನ ಹೊಲಕ್ಕೆ, ತನ್ನ ಮನೆಗೆ ಹೋಗುವವನ ಹಕ್ಕು. ರವಿವಾರ ರೈಲಿನಿಂದ ಇಳಿದು ಬೆನ್ನಿಗೆ ಚೀಲ ಹಾಕಿ ಬರುವವರಿಗೆ ಆ ಹಕ್ಕು ಇಲ್ಲ. ಅವರು ನಡೆಯುವುದು ಮನೆಯವರ ಮನಸ್ಸಿನ ಮೇಲೆ.

ಮನೆಯವರ ಮನಸ್ಸು ಹೇಗೆ ಕೆಡುತ್ತದೆ ಎಂದು ನಾನು ಸ್ವತಃ ಕಂಡಿದ್ದೇನೆ, ಕೆಡಿಸಿದವಳೂ ನಾನೇ. ನಾನು ಬಂದ ಮೂರನೇ ವರ್ಷವೋ ನಾಲ್ಕನೇ ವರ್ಷವೋ ಇರಬೇಕು. ಶಾಲೆಗೆ ಹತ್ತಿರದ ದಾರಿಯೊಂದು ಒಬ್ಬರ ಗದ್ದೆಯ ಅಂಚಿನಿಂದ ಹೋಗುತ್ತಿತ್ತು. ಬೇಲಿಗೆ ದಣಪೆ. ಎರಡು ಗೂಟ, ಗೂಟಗಳಿಗೆ ತೂತು, ತೂತಿನಲ್ಲಿ ಮೂರು ಬಿದಿರಿನ ಗಳ. ಗಳಗಳನ್ನು ಬದಿಗೆ ಸರಿಸಿ ದಾಟುವುದು, ಮತ್ತೆ ಎಳೆದು ಸಿಕ್ಕಿಸುವುದು. ಜೂನ್ ತಿಂಗಳು, ಜೋರು ಮಳೆ, ಪ್ರಾರ್ಥನೆಗೆ ತಡವಾಗಿತ್ತು. ನಡುವಿನ ಗಳ ಉಬ್ಬಿ ಬಿಗಿಯಾಗಿತ್ತು, ಒಂದು ಕೈಯಲ್ಲಿ ಕೊಡೆ. ಸಿಕ್ಕಿಸದೆ ಹಾಗೇ ಬಿಟ್ಟು ಓಡಿದೆ. ಮಧ್ಯಾಹ್ನದ ಹೊತ್ತಿಗೆ ಯಾರದೋ ಎರಡು ದನ ನುಗ್ಗಿ ನಾಟಿಗೆಂದು ಬೆಳೆಸಿದ್ದ ಅಗೆಯನ್ನು ಅರ್ಧಕ್ಕರ್ಧ ಮೇದವು. ಮರುದಿನ ಬೆಳಿಗ್ಗೆ ದಣಪೆಯ ಜಾಗದಲ್ಲಿ ಬಿದಿರುಮುಳ್ಳಿನ ರಾಶಿ. ಆ ವರ್ಷ ನಾಟಿಗೆ ಅವರು ಬೇರೆಯವರಿಂದ ಅಗೆ ಬೇಡಿ ತಂದರು. ಮಕ್ಕಳು ಒಂದು ತಿಂಗಳು ರಸ್ತೆ ಸುತ್ತಿ ನೆನೆದುಕೊಂಡು ಬಂದರು. ಯಾರು ಬಿಟ್ಟದ್ದೆಂದು ಯಾರೂ ಹೇಳಲಿಲ್ಲ, ಮಕ್ಕಳಿಗೆ ಗೊತ್ತಿತ್ತು.

ಕೊನೆಗೆ ಒಂದು ಸಂಜೆ ಆ ಮನೆಗೆ ಹೋಗಿ ಜಗಲಿಯ ಕೆಳಗೇ ನಿಂತು, ಬಿಟ್ಟದ್ದು ನಾನು ಎಂದೆ. ಮನೆಯ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಕೂಗಿ ನೀರು, ಬೆಲ್ಲ ತರಿಸಿದರು. ಮರುದಿನ ಮುಳ್ಳು ತೆಗೆದು, ಗಳದ ತುದಿ ಕೆತ್ತಿ ಸಲೀಸಾಗಿ ಸರಿಯುವ ಹಾಗೆ ಮಾಡಿಟ್ಟಿದ್ದರು. ನನ್ನ ಕೈಗೆ ಬಿಗಿಯಾಯಿತು ಎಂದು ನಾನು ಹೇಳಿದ್ದನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆ ಮನೆ ನಿಮ್ಮ ಕೆಂಪು ಗೆರೆಯ ಮೇಲೇ ಬರುತ್ತದೆ, ತಮಾ. ನಿಮ್ಮ ನಕ್ಷೆಯಲ್ಲಿ ಮನೆ ಇಲ್ಲ, ದಣಪೆ ಇಲ್ಲ, ಗೆರೆ ಮಾತ್ರ ಇದೆ. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಪ್ರತಿ ಮನೆಗೂ ಹೋಗಿ. ಒಂದು ಸಲ ಹೋದರೆ ಸಾಲದು. ಹೆಂಗಸರು ಮನೆಯಲ್ಲಿರುವ ಹೊತ್ತಿಗೆ ಹೋಗಿ, ಏಕೆಂದರೆ ಅಂಗಳದ ಮುಂದೆ ಅಪರಿಚಿತರು ಹಾದರೆ ತೊಂದರೆ ಮೊದಲು ಅವರಿಗೆ. ಬಚ್ಚಲು ಎತ್ತ ಇದೆ, ಬಾವಿ ಎತ್ತ ಇದೆ ನೋಡಿ. ದಾರಿ ಹತ್ತು ಮಾರು ಸುತ್ತಾದರೂ ಆಗಲಿ, ಬಚ್ಚಲಿಗೆ ಬೆನ್ನು ಮಾಡಿ ಹೋಗಲಿ. ಯಾರಾದರೂ ಬೇಡ ಎಂದರೆ ಬೇಡ. ವಾದ ಮಾಡಬೇಡಿ, ಊರ ಹಿರಿಯರಿಂದ ಹೇಳಿಸಬೇಡಿ. ಆ ಜಾಗ ಬಿಟ್ಟು ಬೇರೆ ಕಡೆಯಿಂದ ಹೋಗಿ. ಎರಡು ವರ್ಷ ಬಿಟ್ಟು ಅವರೇ ಕರೆಯಬಹುದು, ಕರೆಯದೆಯೂ ಇರಬಹುದು. ಹೂಂ ಎಂದವರ ದಣಪೆ ಮಾತ್ರ ನೀವೇ ಹೊಸದಾಗಿ ಮಾಡಿಕೊಡಿ, ಗಳ ಸಲೀಸಾಗಿ ಸರಿಯುವ ಹಾಗೆ.

ರವೀಂದ್ರನಾಥ ಟಾಗೋರರ ಕತೆ ನಿಮಗೆ ಶಾಲೆಯಲ್ಲೇ ಹೇಳಿದ್ದೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಇಲ್ಲಿ ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಇದೇ ಕಾಳಿ ನದಿಯ ಮೇಲೆ ಸಾಗಿ, ಒಂದು ಕೋಟೆಯ ಬುಡದಲ್ಲಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಚೊಕ್ಕಟ ಮಾಡಿದ ಅಂಗಳದಲ್ಲಿ ಕೂತು ತಂದ ಬುತ್ತಿ ಉಂಡರು. ತಿರುಗಿ ಬರುವಾಗ ಅಳಿವೆಯ ಬಳಿ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಎಷ್ಟೋ ವರ್ಷದ ಮೇಲೆ ತಮ್ಮ ನೆನಪುಗಳನ್ನು ಬರೆಯುವಾಗ ಆ ರಾತ್ರಿ, ಆ ಅಂಗಳ, ಆ ನಡಿಗೆ ಅವರಿಗೆ ಇನ್ನೂ ಹಸಿಯಾಗಿತ್ತು. ಆದರೆ ಆ ರೈತ ಯಾರು? ಆ ಅಂಗಳ ಗುಡಿಸಿದವಳು ಯಾರು? ನಮ್ಮ ದಂಡೆಯ ಜನ, ನಮ್ಮವರೇ, ಹೆಸರು ಉಳಿಯಲಿಲ್ಲ. ಹೊರಗಿನವರು ನಿಮ್ಮ ದಾರಿಯಲ್ಲಿ ನಡೆದು ಹೋದ ಮೇಲೆ ನೆನಪಿನಲ್ಲಿ ಒಯ್ಯುವುದೂ ಒಂದು ಅಂಗಳವನ್ನೇ. ಅದಕ್ಕೇ ಹೇಳುತ್ತೇನೆ, ಒಂದು ಖಾತೆಪುಸ್ತಕ ಇಡಿ. ಯಾವ ಬೇಲಿ ಯಾರದ್ದು, ಯಾವ ಬಾವಿಯಿಂದ ನೀರು ಕೊಟ್ಟರು, ಯಾವ ಮನೆ ಹೂಂ ಎಂದಿತು, ಯಾವತ್ತು ಎಂದಿತು. ಅವರು ಒಪ್ಪಿದರೆ ಹೆಸರು ಬರೆಯಿರಿ.

ಹೆಸರಿನ ಮಾತು ಬಂದದ್ದಕ್ಕೆ ಇನ್ನೊಂದು. ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಸೊ ಮ್ಯುಂಗ್‌ಸುಕ್ ಎಂಬ ಪತ್ರಕರ್ತೆ ಸ್ಪೇನಿನ ಯಾತ್ರಾಮಾರ್ಗದಲ್ಲಿ ನಡೆದು ಬಂದು, 2007ರಲ್ಲಿ ತನ್ನ ಹುಟ್ಟೂರಿನಲ್ಲೇ ನಡಿಗೆಯ ದಾರಿ ಶುರು ಮಾಡಿದಳು. ಇಂದು ಅದು ದ್ವೀಪದ ಸುತ್ತ ನಾನೂರು ಕಿಲೋಮೀಟರಿಗಿಂತ ಉದ್ದ ಬೆಳೆದಿದೆ. ಅದಕ್ಕೆ ಇಟ್ಟ ಹೆಸರು "ಒಲ್ಲೆ". ನಮಗೆ ಕೇಳಲು ಬೇಡ ಎಂದ ಹಾಗಿದೆ, ಆದರೆ ಆ ದ್ವೀಪದ ಮಾತಿನಲ್ಲಿ ಬೀದಿಯಿಂದ ಮನೆಬಾಗಿಲಿಗೆ ಹೋಗುವ ಓಣಿ ಎಂದು ಅರ್ಥ. ಗುರುತಿಗೆ ಸಿಮೆಂಟಿನ ಕಂಬ ಇಲ್ಲ. ಮರದ ಕೊಂಬೆಗೆ ನೀಲಿ, ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟುತ್ತಾರೆ. ನೀವು ನಕ್ಷೆಯ ಮೇಲೆ ಬರೆದ ಇಂಗ್ಲಿಷ್ ಹೆಸರು ನನಗೆ ಹಿಡಿಸಲಿಲ್ಲ. ಇಲ್ಲಿಯ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಪಾಯವಾಟ ಎಂದರೆ ಅಜ್ಜಿಗೂ ತಿಳಿಯುತ್ತದೆ, ಕಾಲುದಾರಿ ಎಂದರೆ ಎಲ್ಲರಿಗೂ ತಿಳಿಯುತ್ತದೆ. ದಾರಿಯ ತಿರುವು ತಿರುವಿಗೂ ಹೆಸರಿದೆ. ಒಂದಕ್ಕೆ ಮರದ ಹೆಸರು, ಒಂದಕ್ಕೆ ಯಾವತ್ತೋ ಬಿದ್ದು ಸತ್ತ ಎಮ್ಮೆಯ ಹೆಸರು. ಅವನ್ನು ಜನ ಹೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆಯಿರಿ, ತಿದ್ದಬೇಡಿ.

ಇನ್ನು ಕಟ್ಟುವ ಕೆಲಸ. ಇಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ನಮ್ಮಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಸಿಮೆಂಟಿನ ಕಾಲುದಾರಿಯೂ ಬಣ್ಣದ ಪೇವರ್ಸೂ ಒಂದು ಮಳೆಗಾಲ ಕಳೆದರೆ ಪಾಚಿ ಹಿಡಿದು ಗಾಜಿನ ಹಾಗೆ ಜಾರುತ್ತವೆ. ಮಣ್ಣಿನ ದಾರಿ ಕೆಸರಾಗುತ್ತದೆ ನಿಜ, ಆದರೆ ಬೆರಳು ಊರಿದರೆ ಹಿಡಿತ ಸಿಗುತ್ತದೆ. ಇಳಿಜಾರಿನಲ್ಲಿ ಮಾತ್ರ ಚಿರೆಕಲ್ಲಿನ ಮೆಟ್ಟಿಲು ಇಡಿ, ಮೆಟ್ಟಿಲು ತುಸು ಹೊರಮಗ್ಗುಲಿಗೆ ಓರೆಯಾಗಿರಲಿ, ನೀರು ನಿಲ್ಲದ ಹಾಗೆ. ದಾರಿಯೇ ಹಳ್ಳವಾಗದಿರಬೇಕಾದರೆ ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಒಂದು ಸಾಲು ಅಡ್ಡಗಲ್ಲು ಹೂಳಿ ನೀರನ್ನು ಬದಿಗೆ ಬಿಡಬೇಕು. ಹಳಬರು ತೋಟದ ಓಣಿಗಳಲ್ಲಿ ಮಾಡಿದ್ದೂ ಇದನ್ನೇ. ಮೇ ತಿಂಗಳ ಕೊನೆಗೆ ಅಡ್ಡಗಲ್ಲಿನ ಹಿಂದೆ ತುಂಬಿದ ಮಣ್ಣು ತೆಗೆಯದಿದ್ದರೆ ಜುಲೈಯಲ್ಲಿ ದಾರಿ ಕೊಚ್ಚಿ ಹೋಗುತ್ತದೆ.

ಸಂಕದ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ನಮ್ಮ ಕಾಲದ ಸಂಕ ನಿನಗೂ ನೆನಪಿರಬೇಕು. ಎರಡು ಅಡಕೆ ಮರ ಜೋಡಿಸಿ, ಹಿಡಿಯಲು ಒಂದು ಬಿದಿರಿನ ಗಳ. ಆಷಾಢದಲ್ಲಿ ಕೆಳಗೆ ಕೆಂಪು ನೀರು ಗಿರಗಿರನೆ ತಿರುಗುವುದು. ಮಕ್ಕಳನ್ನು ದಾಟಿಸುವ ಮೊದಲು ದೊಡ್ಡ ಹುಡುಗರು ಕರಟದ ಅಂಚಿನಿಂದ ಪಾಚಿ ಕೆರೆದು ಒಲೆಬೂದಿ ಚೆಲ್ಲುತ್ತಿದ್ದರು. ಸಣ್ಣ ಮಕ್ಕಳ ಕೈ ಹಿಡಿದು ನಾನು ಅಡ್ಡಡ್ಡ ಹೆಜ್ಜೆ ಹಾಕುವೆ. ಕೈಯೊಳಗಿನ ಆ ಪುಟ್ಟ ಕೈ ಬೆವರಿ ಜಾರುವುದು, ಮಳೆನೀರೋ ಬೆವರೋ ತಿಳಿಯದು. ನೀರು ನೋಡಬೇಡ, ಆಚೆಯ ಮರ ನೋಡು ಎನ್ನುವೆ. ನನ್ನ ಕಣ್ಣು ಮಾತ್ರ ನೀರಿನ ಮೇಲೇ ಇರುತ್ತಿತ್ತು. ನಮ್ಮ ಸಂಕದಲ್ಲಿ ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಎಲ್ಲ ಕಡೆ ಹಾಗಾಗಲಿಲ್ಲ. 2022ರ ಆಗಸ್ಟಿನಲ್ಲಿ ಬೈಂದೂರಿನ ಕಡೆ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಹೋದಳು. ಆ ಸುದ್ದಿ ಓದಿದ ದಿನ ನನ್ನ ಬಲಗೈ ತಾನಾಗಿ ಮುಷ್ಟಿ ಹಿಡಿದಿತ್ತು.

ಸಣ್ಣ ಹಳ್ಳಕ್ಕೆ ಕಬ್ಬಿಣದ ಚೌಕಟ್ಟು, ಎರಡೂ ಬದಿಗೆ ಎದೆಮಟ್ಟದ ಹಿಡಿಕೆ, ಮಕ್ಕಳ ಎತ್ತರಕ್ಕೆ ಇನ್ನೊಂದು ಅಡ್ಡಪಟ್ಟಿ ಇರಲೇಬೇಕು. ಅಗಲವಾದ ಹೊಳೆಯಾದರೆ ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜರ ಹೆಸರು ಕೇಳಿದ್ದೀಯಲ್ಲ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ಮೊದಲ ತೂಗುಸೇತುವೆ ಕಟ್ಟಿದರು, ಊರವರೂ ಅದಕ್ಕೆ ಕೈ ಜೋಡಿಸಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆ. 2017ರಲ್ಲಿ ಪದ್ಮಶ್ರೀ ಬಂತು. ನಡೆಯುವವರಿಗೆಂದೇ ಕಟ್ಟಿದ ಸೇತುವೆಗಳು ಅವು. ಹಣ ಕೂಡಿದರೆ ನಿಮ್ಮ ಬೋರ್ಡು, ಬೆಂಚು, ಕಮಾನು ಎಲ್ಲ ಬಿಟ್ಟು ಮೊದಲು ಸಂಕಕ್ಕೆ ಹಾಕಿ.

ನದಿಯ ಬದಿಗೆ ಹೋಗುವ ಭಾಗದ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಗಜನಿಯ ಒಡ್ಡಿನ ಮೇಲೆ ನಡೆಯುವುದು ಚೆಂದ, ಬಲಕ್ಕೆ ಕಾಂಡ್ಲಾ, ಎಡಕ್ಕೆ ಗದ್ದೆ, ಎದುರಿಗೆ ನೀರಿನ ನಡುವೆ ಜೂಗ ಎನ್ನುವ ನಡುಗಡ್ಡೆಗಳು. ಆದರೆ ಭರತಿ ನಿತ್ಯ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಹತ್ತಕ್ಕೆ ಒಣಗಿದ್ದ ಜಾಗದಲ್ಲಿ ವಾರ ಬಿಟ್ಟು ಹತ್ತಕ್ಕೆ ಮೊಣಕಾಲು ನೀರು. ಹುಣ್ಣಿಮೆ ಅಮಾಸೆಗೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಕದ್ರಾ ಆಣೆಕಟ್ಟೆಯ ಗೇಟು ತೆಗೆದರೆ ಏನಾಗುತ್ತದೆಂದು 2019ರ ಆಗಸ್ಟಿನಲ್ಲಿ ನದಿಬದಿಯ ಎಲ್ಲರೂ ಕಂಡಿದ್ದಾರೆ. ಆದ್ದರಿಂದ ಒಡ್ಡಿನ ದಾರಿ ನವೆಂಬರಿನಿಂದ ಮೇವರೆಗೆ ಮಾತ್ರ ಇರಲಿ, ಮಳೆಗಾಲಕ್ಕೆ ಮೇಲಿನ ದಾರಿ ಬೇರೆ ಇರಲಿ. ಕಾಂಡ್ಲಾದ ಒಂದು ಕೊಂಬೆಯನ್ನೂ ಮುಟ್ಟಬೇಡಿ. ಅದು ಕರಾವಳಿ ನಿಯಂತ್ರಣ ವಲಯದ ಕಾನೂನಿನಲ್ಲಿ ಬಿಗಿಯಾಗಿ ಕಾಪಾಡಿದ ಜಾಗ, ಅದಕ್ಕಿಂತ ಮೊದಲು ಮೀನಿನ ಮರಿಗಳ ತೊಟ್ಟಿಲು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ವನದೊಳಗೆ ಅರಣ್ಯ ಇಲಾಖೆ ಹಲಗೆಯ ದಾರಿ ಮಾಡಿದೆ, ನಾನೂ ನಡೆದು ಬಂದೆ, ಮಕ್ಕಳಿಗೆ ತೋರಿಸಬೇಕಾದದ್ದೇ. ನಾಲ್ಕು ಊರಿನವರು ವಂತಿಗೆ ಹಾಕಿ ಸಾಕಲು ಆಗುವಂಥದ್ದಲ್ಲ ಅದು. ಬಳಚು ಸಿಗುವ ಜಾಗಗಳನ್ನು ನಕ್ಷೆಯಲ್ಲಿ ತೋರಿಸಬೇಡಿ. ಆ ಹೆಂಗಸರ ಹೊಟ್ಟೆಪಾಡು ಅದು.

ರೈಲುಹಳಿ ನಮ್ಮ ಹಳೆಯ ವಾಟಗಳನ್ನು ಎಷ್ಟೋ ಕಡೆ ಅಡ್ಡ ಕೊಯ್ದಿದೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ನಮಗೆ ಗೋವಾ ಹತ್ತಿರವಾಯಿತು, ಹಳಿಯಾಚೆಯ ಮನೆ ದೂರವಾಯಿತು. ನಿಮ್ಮ ದಾರಿ ಹಳಿಯ ಕೆಳಗಿನ ಮೋರಿಯಿಂದಲೋ ಗೇಟಿನಿಂದಲೋ ಮಾತ್ರ ಹೋಗಬೇಕು, ಒಂದು ಮೈಲಿ ಸುತ್ತಾದರೂ ಸರಿ. ಗುಡ್ಡದ ಮೇಲಿನ ಭಾಗಕ್ಕೆ ಅರಣ್ಯ ಇಲಾಖೆಯವರನ್ನು ಕಾಣಬೇಕು. ಗ್ರಾಮ ಅರಣ್ಯ ಸಮಿತಿ ಇರುವ ಕಡೆ ಅವರ ಮೂಲಕ ಹೋದರೆ ಸುಲಭ. ಪ್ರತಿ ಗ್ರಾಮಸಭೆಯಲ್ಲೂ ಠರಾವು ಆಗಬೇಕು, ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು.

ದಾರಿಬದಿಗೆ ಗಿಡ ಹಚ್ಚುತ್ತೇವೆ ಎಂದಿರಿ. ಅಕೇಶಿಯಾ ಬೇಡ, ನರ್ಸರಿಯ ಹೂಗಿಡವೂ ಬೇಡ. ನಮ್ಮ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಕಾಡಿನಲ್ಲಿ ತಾಯಿಮರ ಯಾವುದೆಂದು ನೋಡಿಯೇ ಗುರುತಿಸುತ್ತಿದ್ದರು, ಬೀಜ ಅದರಿಂದಲೇ ಆಯುತ್ತಿದ್ದರು. 2021ರಲ್ಲಿ ಬರಿಗಾಲಿನಲ್ಲೇ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತೆಗೆದುಕೊಂಡ ಆ ಹಾಲಕ್ಕಿ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ನೀವೂ ಈ ದಾರಿಯ ಮೇಲಿನ ಮುರುಗಲಿನ ಬೀ, ನೇರಳೆ ಬೀ, ಸುರಹೊನ್ನೆ ಬೀ ಆಯ್ದು ಮಳೆ ಹಿಡಿಯುವ ಮೊದಲು ಊರಿ. ಕವಳಿ ಮಟ್ಟಿ ಇದ್ದಲ್ಲಿ ಬಿಡಿ, ಕಡಿಯಬೇಡಿ. ಶಾಲೆಯ ಮಕ್ಕಳು ಮತ್ತೆ ನಡೆದು ಬರಬೇಕಾದರೆ ದಾರಿಯಲ್ಲಿ ತಿನ್ನಲು ಏನಾದರೂ ಇರಬೇಕು.

ಮಕ್ಕಳು ಎಂದೆ. ದಾರಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನನ್ನ ಹತ್ತಿರ ಒಂದೇ ಅಳತೆ ಇದೆ. ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಸಂಜೆ ನಾಲ್ಕೂವರೆಗೆ, ಒಬ್ಬಳೇ, ಈ ದಾರಿಯಲ್ಲಿ ಮನೆಗೆ ನಡೆದು ಹೋಗುತ್ತಾಳೆಯೇ? ಅವಳ ಅವ್ವ ಕಳಿಸುತ್ತಾಳೆಯೇ? ಕಳಿಸಿದರೆ ದಾರಿ ಆಯಿತು. ಇಲ್ಲದಿದ್ದರೆ ನೀವು ಎಷ್ಟು ರಿಬ್ಬನ್ ಕಟ್ಟಿದರೂ ಅದು ಇನ್ನೂ ಗುಡ್ಡವೇ. ನಾವು ನಡೆಯುವ ಕಾಲದಲ್ಲಿ ದಾರಿಯ ಒಂದಲ್ಲ ಒಂದು ಕಡೆಯಿಂದ ಯಾವುದಾದರೂ ಮನೆಯ ಹೊಗೆ ಕಾಣುತ್ತಿತ್ತು, ಕೂಗಿದರೆ ಓ ಎನ್ನುವವರಿದ್ದರು. ಆದ್ದರಿಂದ ನಿರ್ಜನ ಭಾಗ ಉದ್ದ ಇಡಬೇಡಿ. ಚೆಂದದ ನೋಟ ಸ್ವಲ್ಪ ಕಳೆದುಕೊಂಡರೂ ಕೇರಿಯ ಹತ್ತಿರವೇ ತನ್ನಿ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. ಅವುಗಳಲ್ಲಿ ಕಲಿತ ನಮ್ಮಂಥ ಎಷ್ಟೋ ಹುಡುಗಿಯರು ಇಂಥ ಕಾಲುದಾರಿಗಳಲ್ಲೇ ಗುಂಪು ಕಟ್ಟಿ ನಡೆದು ಮ್ಯಾಟ್ರಿಕ್ ಮುಗಿಸಿದರು.

ಹೊರಗಿನವರು ಬರಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮೊದಲ ವರ್ಷ ಬೇಡ. ಮೊದಲ ವರ್ಷ ನಾಲ್ಕು ಊರಿನವರು ಮಾತ್ರ ನಡೆಯಲಿ. ವಿಡಿಯೋ ಹಾಕಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೆ ಸಾವಿರಾರು ಜನ ನುಗ್ಗಿದ್ದನ್ನು ನೀನೇ ಮೊಬೈಲಿನಲ್ಲಿ ತೋರಿಸಿದ್ದೆ. ಆಮೇಲೆ ಸರಕಾರ ಚಾರಣಗಳನ್ನು ನಿಲ್ಲಿಸಿ, ಆನ್‌ಲೈನ್ ಬುಕಿಂಗು, ದಿನಕ್ಕೆ ಇಷ್ಟೇ ಜನ ಎಂಬ ಕಟ್ಟಳೆ ತರಬೇಕಾಯಿತು. ಅದು ಪರ್ವತ, ತಡೆದುಕೊಂಡಿತು. ನಮ್ಮದು ಒಬ್ಬರ ಹಿಂದೆ ಒಬ್ಬರು ನಡೆಯುವ ಗದ್ದೆ ಹಾಳಿ. ಎರಡನೇ ವರ್ಷ ಬಂದವರು ಹಣ ಕೊಡುವುದಾದರೆ ಗೇಟಿನಲ್ಲಿ ಟಿಕೆಟ್ ಬೇಡ. ಕೋಕಂ ಶರಬತ್ತು, ಗಂಜಿ ಊಟ, ಮೇ ತಿಂಗಳಾದರೆ ಕರಿ ಇಶಾಡ ಮಾವಿನಹಣ್ಣು, ಇವಕ್ಕೆ ಮನೆಗಳಿಗೇ ಕೊಡಲಿ, ಮನೆಗಳು ಪಾಳಿಯಲ್ಲಿ ಮಾಡಲಿ. ಕಸದ ತೊಟ್ಟಿ ಎಲ್ಲಿಯೂ ಇಡಬೇಡಿ. ತೊಟ್ಟಿ ಕಂಡರೆ ಜನ ಬಿಸಾಡುತ್ತಾರೆ, ನಾಯಿ ಮಂಗ ಎಳೆದು ಹರಡುತ್ತವೆ. ತಂದದ್ದನ್ನು ಒಯ್ಯಿರಿ ಎಂದು ಅಸ್ನೋಟಿಯಲ್ಲೇ ಹೇಳಿಬಿಡಿ.

ಹಣಕೋಣದಲ್ಲಿ ಸಾತೇರಿ ದೇವಿಯ ಗುಡಿ ವರ್ಷಕ್ಕೆ ಏಳೇ ದಿನ ಬಾಗಿಲು ತೆರೆಯುತ್ತದೆ. ಮಳೆ ಇಳಿಯುವ ಹೊತ್ತಿಗೆ ಗೋವೆಯಿಂದ, ಮಹಾರಾಷ್ಟ್ರದಿಂದ, ಎಲ್ಲೆಲ್ಲಿಂದಲೋ ಜನ ಬರುತ್ತಾರೆ; ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆ ಏಳು ದಿನಕ್ಕೆ ಮುಂಚೆ ನಾಲ್ಕು ಊರಿನವರು ಹುಲ್ಲು ಹೆರೆದು ದಾರಿ ಬಿಡಿಸಲಿ, ಹೆಂಗಸರು ಉಡಿ ಸಾಮಾನು ಹಿಡಿದು ಆ ದಾರಿಯಲ್ಲಿ ನಡೆದು ಗುಡಿಗೆ ಬರಲಿ. ಹಾಗಾದರೆ ಪ್ರತಿ ವರ್ಷ ಆ ಹೊತ್ತಿಗೆ ಹುಲ್ಲು ಹೆರೆಯಲು ಯಾರನ್ನೂ ಬೇಡಬೇಕಿಲ್ಲ. ದೇವಿಗೆ ಹೋಗುವ ದಾರಿಯೆಂದರೆ ನಮ್ಮ ಜನ ತಾವೇ ಕತ್ತಿ ಹಿಡಿದು ಬರುತ್ತಾರೆ. ಸರಕಾರದ ಹಣ ಒಂದು ವರ್ಷ ಬರುತ್ತದೆ, ಮರುವರ್ಷ ಫೈಲು ಸಿಗುವುದಿಲ್ಲ. ನಾನು ಸಾಕಷ್ಟು ನೋಡಿದ್ದೇನೆ.

2010ರ ಆಸುಪಾಸು ಇಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬೇಡ ಎಂದು ಸುತ್ತಲಿನ ಊರುಗಳು ಒಂದಾಗಿ ನಿಂತದ್ದು ನಿನಗೆ ನೆನಪಿದೆ, ಆಗ ನೀನೂ ಬಾವುಟ ಹಿಡಿದವನು. ಬೇಡ ಎನ್ನಲು ಊರು ಒಂದಾಗುತ್ತದೆ. ಬೇಕು ಎನ್ನಲು ಒಂದಾಗಿಸುವುದು ಅದಕ್ಕಿಂತ ನಿಧಾನದ ಕೆಲಸ, ನಿನ್ನ ಸಿಟ್ಟು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಯಾರು ಎಷ್ಟೇ ಮಾತಾಡಲಿ, ನೀನು ಪುಸ್ತಕದಲ್ಲಿ ಬರೆದುಕೊ. ಆದರೂ ಈ ಕೆಲಸ ಆಗಬೇಕು, ತಮಾ. 2024ರ ಆಗಸ್ಟಿನ ಆ ರಾತ್ರಿ ಕಾಳಿಯ ಹಳೆಯ ಸೇತುವೆ ಲಾರಿಯ ಸಮೇತ ಕುಸಿದಾಗ ನೀರಿಗೆ ಬಿದ್ದ ಚಾಲಕನನ್ನು ಎಳೆದು ದಡ ಸೇರಿಸಿದವರು ದಾರಿ ಬಲ್ಲ, ನೀರು ಬಲ್ಲ ಇಲ್ಲಿಯ ಮೀನುಗಾರರು. ಅದಕ್ಕೂ ಮೂರು ವಾರ ಮೊದಲು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಿದ್ದಿತ್ತು. ಹೆದ್ದಾರಿ ನಿಂತ ದಿನ ಒಂದು ಊರು ಇನ್ನೊಂದು ಊರನ್ನು ಮುಟ್ಟಬೇಕಾದರೆ ಒಳಗಿನ ದಾರಿಯೇ ಬೇಕು.

ಈ ರವಿವಾರ ಬೆಳಿಗ್ಗೆ ಆರೂವರೆಗೆ ಶಾಲೆಯ ಗೇಟಿನ ಹತ್ತಿರ ಬಾ. ಹುಡುಗಿಯರಿಬ್ಬರನ್ನೂ ಕರೆದುಕೊಂಡು ಬಾ. ಗ್ರಾಮನಕ್ಷೆ ತಾ, ಕೆಂಪು ಪೆನ್ನು ಮನೆಯಲ್ಲಿ ಬಿಡು. ನನ್ನ ಮೊಣಕಾಲು ಈಗ ದಿನಕ್ಕೆ ಒಂದು ಗುಡ್ಡ ಹತ್ತುತ್ತದೆ, ಇಳಿಯುವಾಗ ಯಾರಾದರೂ ಕೈ ಕೊಡಬೇಕು. ಮೊದಲು ಆ ಅಗೆಗದ್ದೆಯ ಮನೆಗೆ ಹೋಗೋಣ. ಯಜಮಾನರು ಹೋಗಿ ಹತ್ತು ವರ್ಷವಾಯಿತು, ಸೊಸೆ ಇದ್ದಾಳೆ, ನನಗೆ ಅವಳ ಪರಿಚಯ ಕಡಿಮೆ. ಮಾತು ನಾನು ಶುರು ಮಾಡುತ್ತೇನೆ, ನೀನು ಮಧ್ಯೆ ಬಾಯಿ ಹಾಕಬೇಡ. ದಣಪೆಗೆ ಆಗ ಮೂರು ಗಳ ಇದ್ದವು. ಈಗ ಎಷ್ಟಿವೆಯೋ ನೋಡಬೇಕು. ಇಲ್ಲದಿದ್ದರೆ ನಮ್ಮ ಹಿತ್ತಲಿನ ಬಿದಿರುಮಟ್ಟಿಯಲ್ಲಿ ಬಲಿತ ಗಳ ಇವೆ, ಬರುವಾಗ ಕತ್ತಿ ಹಿಡಿದುಕೊಂಡು ಬಾ.